ಆರದ ಹಳದಿ ದೀಪ

ಕಾರಿನ ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ದೀಪಾವಳಿ ನಡೆಯುತ್ತದೆ. ಬ್ಯಾಟರಿಯ ಚಿತ್ರ, ಎಣ್ಣೆ ಡಬ್ಬಿಯ ಚಿತ್ರ, ಎಂಜಿನ್ನಿನ ಚಿತ್ರ ಎಲ್ಲವೂ ಒಮ್ಮೆ ಬೆಳಗುತ್ತವೆ. ಎಂಜಿನ್ ಶುರುವಾಗಿ ಕೆಲವು ಸೆಕೆಂಡುಗಳಲ್ಲಿ ಆರುತ್ತವೆ. ಈ ಗುಂಪಿನಲ್ಲಿ ವೃತ್ತದೊಳಗೆ ‘ಎಬಿಎಸ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಹೊತ್ತ ಹಳದಿ ದೀಪವೂ ಒಂದು. ಉಳಿದವೆಲ್ಲ ಆರಿದ ಮೇಲೂ ಅದೊಂದು ಆರದೆ ಉಳಿದರೆ ಏನು ಮಾಡಬೇಕು?

ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಿಗುತ್ತವೆ. ಒಂದು, ‘ಬ್ರೇಕ್ ಹಿಡಿಯುತ್ತಿದೆಯಲ್ಲ, ಮುಂದಿನ ಸರ್ವಿಸಿನಲ್ಲಿ ನೋಡಿದರಾಯಿತು’ ಎಂಬುದು. ಇನ್ನೊಂದು, ‘ಸೆನ್ಸರ್ ಹೋಗಿರಬೇಕು, ಹೊಸದು ಹಾಕಿಬಿಡಿ’ ಎಂಬುದು. ಮೊದಲನೆಯದು ಸೋಮಾರಿತನ, ಎರಡನೆಯದು ಆತುರ. ಎರಡರಲ್ಲೂ ದೀಪ ಏನು ಹೇಳುತ್ತಿದೆ ಎಂದು ಕೇಳುವ ಗೋಜಿಗೆ ಯಾರೂ ಹೋಗಿರುವುದಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದರೆ, ಈ ವ್ಯವಸ್ಥೆ ಇರುವುದು ಯಾತಕ್ಕೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು.

ಉರುಳುವ ಚಕ್ರ, ಜಾರುವ ಚಕ್ರ

ಓಡುವ ಕಾರಿನ ಚಕ್ರದಲ್ಲಿ ಒಂದು ಸ್ವಾರಸ್ಯವಿದೆ. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೂ ಟಯರಿನ ಯಾವ ಭಾಗ ರಸ್ತೆಯನ್ನು ತಾಗಿರುತ್ತದೋ ಆ ಭಾಗ ಆ ಕ್ಷಣದಲ್ಲಿ ಹೆಚ್ಚುಕಡಿಮೆ ನಿಶ್ಚಲ. ಚಕ್ರ ರಸ್ತೆಯ ಮೇಲೆ ಹೆಜ್ಜೆ ಇಟ್ಟಂತೆ ಉರುಳುತ್ತದೆ, ಉಜ್ಜುವುದಿಲ್ಲ. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲ, ಜಾರುತ್ತಿರುವ ವಸ್ತುವನ್ನು ಜಾರಿಸಲು ಬೇಕಾಗುವ ಬಲಕ್ಕಿಂತ ಹೆಚ್ಚು ಎಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಗಳು ಓದಿರುತ್ತಾರೆ. ಮನೆಯ ಬೀರುವನ್ನು ತಳ್ಳಿದವರಿಗೆ ಓದದೆಯೇ ಗೊತ್ತಿರುತ್ತದೆ. ಆದ್ದರಿಂದಲೇ ಉರುಳುವ ಚಕ್ರಕ್ಕೆ ರಸ್ತೆಯ ಮೇಲೆ ಹಿಡಿತ ಹೆಚ್ಚು.

ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ತಿರುಗುವುದನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಟಯರು ಉರುಳುವುದನ್ನು ಬಿಟ್ಟು ಜಾರತೊಡಗುತ್ತದೆ. ಹಿಡಿತ ಕುಗ್ಗುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ ಸ್ಟೇರಿಂಗ್ ನಿಷ್ಪ್ರಯೋಜಕವಾಗುತ್ತದೆ. ಮುಂದಿನ ಚಕ್ರಗಳು ಉರುಳುತ್ತಿದ್ದರೆ ಮಾತ್ರ ಕಾರು ಅವು ತೋರಿಸಿದ ದಿಕ್ಕಿಗೆ ಹೋಗುತ್ತದೆ. ಅವು ಜಾರುತ್ತಿದ್ದರೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ತಾನು ಹೊರಟ ದಿಕ್ಕಿಗೇ ಸಾಗುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ತಿರುವಿನಲ್ಲಿ ಹೀಗಾದರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ಅನುಭವಿ ಚಾಲಕರು ಇದಕ್ಕೆ ಹಳೆಯ ಉಪಾಯವೊಂದನ್ನು ಬಲ್ಲರು. ಬ್ರೇಕನ್ನು ಒಮ್ಮೆಲೇ ಒತ್ತಿ ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಬಿಟ್ಟು ನಿಲ್ಲಿಸುವುದು. ಎಬಿಎಸ್ ಮಾಡುವುದೂ ಇದನ್ನೇ. ಆದರೆ ಮನುಷ್ಯನ ಕಾಲಿಗೆ ಸಾಧ್ಯವಾಗದ ಚುರುಕಿನಿಂದ, ಪ್ರತಿ ಸೆಕೆಂಡಿಗೆ ಹಲವಾರು ಬಾರಿ, ಅದೂ ಯಾವ ಚಕ್ರ ಜಾರುತ್ತಿದೆಯೋ ಆ ಚಕ್ರಕ್ಕೆ ಮಾತ್ರ. ವಿಮಾನಗಳಲ್ಲಿ ಇಂಥ ಏರ್ಪಾಡು 1950ರ ದಶಕದಲ್ಲೇ ಬಳಕೆಯಲ್ಲಿತ್ತು. ಜರ್ಮನಿಯ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಬಂದದ್ದು 1978ರಲ್ಲಿ. ಶ್ರೀಮಂತರ ಕಾರಿನ ಆ ಅಲಂಕಾರ ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. 125 ಸಿಸಿಗಿಂತ ದೊಡ್ಡ ಎಂಜಿನ್ನಿನ ಬೈಕುಗಳಿಗೂ ಅದೇ ಕಾಲಕ್ಕೆ ಕಡ್ಡಾಯವಾಯಿತು. ಹಾಗಾಗಿ ಈ ಹಳದಿ ದೀಪ ಈಗ ಬಹುಮಂದಿ ಮಧ್ಯಮ ವರ್ಗದ ಮನೆಗಳ ಸಂಗತಿ.

ಫ್ಯಾರಡೆ ಚಕ್ರದ ಬಳಿ ಕುಳಿತಿದ್ದಾನೆ

ಯಾವ ಚಕ್ರ ಜಾರುತ್ತಿದೆ ಎಂಬುದು ಕಂಪ್ಯೂಟರಿಗೆ ತಿಳಿಯುವುದು ಹೇಗೆ? ನಾಲ್ಕೂ ಚಕ್ರಗಳ ಬಳಿ ಒಂದೊಂದು ಸೆನ್ಸರ್ ಇರುತ್ತದೆ. ಹಳೆಯ ಬಗೆಯ ಸೆನ್ಸರಿನ ಒಳಗೆ ಇರುವುದು ಒಂದು ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ, ಅಷ್ಟೇ. ಅದರೆದುರು, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ, ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರವಿರುತ್ತದೆ. ಹಲ್ಲೊಂದು ಎದುರಿಗೆ ಬಂದಾಗ ಕಾಂತಕ್ಷೇತ್ರ ಹೆಚ್ಚುತ್ತದೆ, ಹಲ್ಲುಗಳ ನಡುವಿನ ಸಂದು ಬಂದಾಗ ಕುಗ್ಗುತ್ತದೆ. ಬದಲಾಗುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತುಬಿಡುವ ಪಾಠ ಇಲ್ಲಿ ನಾಲ್ಕು ಜನರ ಜೀವ ಕಾಯುತ್ತಿರುತ್ತದೆ.

ಒಂದು ಸಣ್ಣ ಲೆಕ್ಕ ಹಾಕಬಹುದು. ಕಾರಿನ ವೇಗ ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಟಯರಿನ ಸುತ್ತಳತೆ 1.8 ಮೀಟರ್ ಎಂದಿಟ್ಟುಕೊಂಡರೆ ಚಕ್ರ ಸೆಕೆಂಡಿಗೆ ಸುಮಾರು ಐದೂವರೆ ಸುತ್ತು ತಿರುಗುತ್ತದೆ. ಉಂಗುರದಲ್ಲಿ 48 ಹಲ್ಲುಗಳಿದ್ದರೆ ಸೆಕೆಂಡಿಗೆ ಸುಮಾರು 267 ಮಿಡಿತಗಳು ಕಂಪ್ಯೂಟರನ್ನು ತಲುಪುತ್ತವೆ. ವೇಗ ಹತ್ತನೇ ಒಂದು ಭಾಗಕ್ಕೆ ಇಳಿದರೆ ಮಿಡಿತಗಳೂ 27ಕ್ಕೆ ಇಳಿಯುತ್ತವೆ. ಮಿಡಿತಗಳ ಸಂಖ್ಯೆಯೊಂದೇ ಅಲ್ಲ, ಪ್ರತಿ ಮಿಡಿತದ ವೋಲ್ಟೇಜೂ ಕುಗ್ಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಅದೇ ಒಗಟನ್ನು ಬಿಡಿಸಲಿದೆ.

ಕಂಪ್ಯೂಟರ್ ನಾಲ್ಕು ಚಕ್ರಗಳ ಮಿಡಿತಗಳನ್ನು ಸದಾ ಹೋಲಿಸುತ್ತಿರುತ್ತದೆ. ಬ್ರೇಕ್ ಒತ್ತಿದಾಗ ಮೂರು ಚಕ್ರಗಳು ಕ್ರಮವಾಗಿ ನಿಧಾನವಾಗುತ್ತಿದ್ದು ನಾಲ್ಕನೆಯದು ಥಟ್ಟನೆ ಸೊನ್ನೆಗೆ ಇಳಿದರೆ ಆ ಚಕ್ರ ಜಾರುತ್ತಿದೆ ಎಂದರ್ಥ. ಕೂಡಲೇ ಆ ಚಕ್ರದ ಬ್ರೇಕಿನ ಒತ್ತಡವನ್ನು ಕವಾಟಗಳು ಇಳಿಸುತ್ತವೆ. ಚಕ್ರ ತಿರುಗಲು ತೊಡಗಿದೊಡನೆ ಒತ್ತಡ ಮತ್ತೆ ಏರುತ್ತದೆ. ಚಾಲಕನ ಕಾಲಿಗೆ ಪೆಡಲ್ ಗಡಗಡ ನಡುಗಿದ ಅನುಭವವಾಗುತ್ತದೆ. ಆಗ ಹೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿದು ಸ್ಟೇರಿಂಗನ್ನು ಬೇಕಾದತ್ತ ತಿರುಗಿಸಬೇಕು. ಎಬಿಎಸ್ ಇದ್ದ ಮಾತ್ರಕ್ಕೆ ಕಾರು ಎಲ್ಲ ಕಡೆಯೂ ಬೇಗ ನಿಲ್ಲುತ್ತದೆಂದು ಭಾವಿಸುವುದೂ ತಪ್ಪು. ಸಡಿಲ ಜಲ್ಲಿಯ ಹಾದಿಯಲ್ಲಿ ನಿಲ್ಲಲು ಇನ್ನೂ ಹೆಚ್ಚು ದೂರ ಬೇಕಾಗಬಹುದು. ಅದು ಕೊಡುವ ದೊಡ್ಡ ವರವೆಂದರೆ ಬ್ರೇಕ್ ಒತ್ತಿದಾಗಲೂ ಕಾರು ಹೇಳಿದಂತೆ ತಿರುಗುವುದು.

ದೀಪದ ಭಾಷೆ

ಈಗ ದೀಪಕ್ಕೆ ಬರೋಣ. ಕೀಲಿ ತಿರುಗಿಸಿದಾಗಲೆಲ್ಲ ಎಬಿಎಸ್ ಕಂಪ್ಯೂಟರ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ವೈರುಗಳು, ಕವಾಟಗಳು, ಪಂಪು ಎಲ್ಲ ಸರಿಯೆಂದು ಕಂಡರೆ ದೀಪವನ್ನು ಆರಿಸುತ್ತದೆ. ಓಡುವಾಗಲೂ ಪರೀಕ್ಷೆ ನಡೆದೇ ಇರುತ್ತದೆ. ಎಲ್ಲಾದರೂ ಅನುಮಾನ ಬಂದರೆ ಅದು ಎಬಿಎಸ್ ಕೆಲಸವನ್ನೇ ನಿಲ್ಲಿಸಿ ದೀಪ ಹೊತ್ತಿಸುತ್ತದೆ. ತಪ್ಪು ಸುದ್ದಿಯನ್ನು ನಂಬಿ ಬ್ರೇಕ್ ಸಡಿಲಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂಬುದು ಅದಕ್ಕೆ ಕಲಿಸಿದ ನೀತಿ. ಆದ್ದರಿಂದ ದೀಪದ ಅರ್ಥ ‘ಸೆನ್ಸರ್ ಕೆಟ್ಟಿದೆ’ ಎಂದಲ್ಲ. ‘ನನಗೆ ಬರುತ್ತಿರುವ ಸುದ್ದಿಯ ಮೇಲೆ ನನಗೆ ನಂಬಿಕೆಯಿಲ್ಲ, ಇನ್ನು ನಿಮ್ಮ ಕಾಲೇ ಗತಿ’ ಎಂದು ಅರ್ಥ.

ಹಳದಿ ದೀಪವೊಂದೇ ಇದ್ದು ಪೆಡಲ್ ಎಂದಿನಂತೆ ಗಟ್ಟಿಯಾಗಿದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತಿರುತ್ತದೆ. ನಿಧಾನವಾಗಿ, ಮುಂದಿನ ವಾಹನದಿಂದ ಹೆಚ್ಚು ಅಂತರವಿಟ್ಟು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಬೆಳಗಿದರೆ ಮಾತು ಬೇರೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ಎಂದು ನೋಡಬೇಕು. ಇಳಿದಿದ್ದರೆ ಬ್ರೇಕ್ ಆಯಿಲ್ ಸೋರಿರಬಹುದು, ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವೆ ಬ್ರೇಕ್ ಬಲ ಹಂಚುವ ಏರ್ಪಾಡೂ ಕೈಕೊಟ್ಟಿರಬಹುದು. ಕಾರನ್ನು ಬದಿಗೆ ನಿಲ್ಲಿಸಿ ಮೆಕ್ಯಾನಿಕನನ್ನು ಅಲ್ಲಿಗೇ ಕರೆಸುವುದು ಜಾಣತನ.

ತುಕ್ಕಿನ ಪಾಠ

ದೋಷ ಹುಡುಕುವುದು ಬಿಡಿಭಾಗ ಬದಲಿಸುವುದಕ್ಕಿಂತ ಎಷ್ಟು ಭಿನ್ನ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಪ್ರಸಂಗವೊಂದು ಒಳ್ಳೆಯ ನಿದರ್ಶನ. ಜನರಲ್ ಮೋಟರ್ಸ್ ಕಂಪನಿಯ 1999ರಿಂದ 2002ರವರೆಗಿನ ಮಾದರಿಯ ಕೆಲವು ಪಿಕಪ್ ವಾಹನಗಳಲ್ಲಿ ವಿಚಿತ್ರ ದೂರೊಂದು ಕೇಳಿಬಂತು. ಒಣ ರಸ್ತೆಯಲ್ಲಿ, ಇನ್ನೇನು ವಾಹನ ನಿಲ್ಲಬೇಕು ಎನ್ನುವಷ್ಟು ನಿಧಾನ ವೇಗದಲ್ಲಿ, ಕಾರಣವಿಲ್ಲದೆ ಎಬಿಎಸ್ ಕೆಲಸ ಆರಂಭಿಸುತ್ತಿತ್ತು. ಪೆಡಲ್ ನಡುಗಿ, ವಾಹನ ನಿಲ್ಲಬೇಕಾದ ಜಾಗ ದಾಟಿ ಮುಂದೆ ಹೋಗುತ್ತಿತ್ತು. ಅದೂ ಹೆಚ್ಚಾಗಿ, ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ.

ಕಾರಣ ತುಕ್ಕು. ಸೆನ್ಸರನ್ನು ಕೂರಿಸುವ ಕಬ್ಬಿಣದ ಮೇಲ್ಮೈ ಉಪ್ಪುನೀರಿಗೆ ತುಕ್ಕು ಹಿಡಿದು ಉಬ್ಬುತ್ತಿತ್ತು. ಉಬ್ಬಿದ ತುಕ್ಕು ಸೆನ್ಸರನ್ನು ಕೂದಲೆಳೆಯಷ್ಟು ಮೇಲಕ್ಕೆತ್ತುತ್ತಿತ್ತು. ಹಲ್ಲಿನ ಉಂಗುರಕ್ಕೂ ಸೆನ್ಸರಿಗೂ ನಡುವಿನ ಅಂತರ ಹೆಚ್ಚಿದಾಗ ಮಿಡಿತಗಳು ಸೊರಗುತ್ತವೆ. ವೇಗ ಹೆಚ್ಚಿದ್ದಾಗ ವೋಲ್ಟೇಜೂ ಹೆಚ್ಚಿರುವುದರಿಂದ ಕೊರತೆ ಗೊತ್ತಾಗುವುದಿಲ್ಲ. ವೇಗ ಇಳಿದಂತೆ ಒಂದು ಹಂತದಲ್ಲಿ ಆ ಚಕ್ರದ ದನಿಯೇ ಅಡಗಿಬಿಡುತ್ತದೆ. ಕಂಪ್ಯೂಟರಿನ ಪಾಲಿಗೆ ಅದರ ಅರ್ಥ ‘ಚಕ್ರ ಜಾರುತ್ತಿದೆ’. ಅದು ತನ್ನ ಕರ್ತವ್ಯವೆಂದು ಬ್ರೇಕನ್ನು ಸಡಿಲಿಸುತ್ತದೆ!

2005ರಲ್ಲಿ ಕಂಪನಿ ಇಂಥ ಲಕ್ಷಗಟ್ಟಲೆ ವಾಹನಗಳನ್ನು ದುರಸ್ತಿಗೆ ವಾಪಸು ಕರೆಯಿತು. ದುರಸ್ತಿ ಏನು ಗೊತ್ತೆ? ಮುಖ್ಯವಾಗಿ, ಸೆನ್ಸರ್ ಬಿಚ್ಚಿ, ಅದರ ಕೆಳಗಿನ ತುಕ್ಕು ಕೆರೆದು ತೆಗೆದು, ಮತ್ತೆ ತುಕ್ಕು ಹಿಡಿಯದಂತೆ ಲೇಪ ಹಚ್ಚಿ ಕೂರಿಸುವುದು. ತುಕ್ಕು ಕೆರೆಯದೆ ಹೊಸ ಸೆನ್ಸರನ್ನು ಅದೇ ಜಾಗದಲ್ಲಿ ಕೂರಿಸಿದ್ದರೆ ಅದೂ ಮೇಲಕ್ಕೇ ನಿಲ್ಲುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತಿತ್ತು. ಇಂಥ ದೋಷ ಹಳದಿ ದೀಪ ಬೆಳಗದೆಯೂ ಕಾಣಿಸಿಕೊಳ್ಳಬಹುದು ಎಂಬುದು ಈ ಪ್ರಸಂಗದ ಇನ್ನೊಂದು ಪಾಠ. ನಮ್ಮಲ್ಲಿ ರಸ್ತೆಗೆ ಉಪ್ಪು ಸುರಿಯುವ ಪದ್ಧತಿ ಇಲ್ಲ. ಆದರೆ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ಕೆಸರು ಕಬ್ಬಿಣಕ್ಕೆ ಕರುಣೆ ತೋರುವುದಿಲ್ಲ.

ಹುಡುಕುವ ಕ್ರಮ

ಹಾಗಾದರೆ ದೀಪ ಬೆಳಗಿದ ಕಾರು ಗ್ಯಾರೇಜಿಗೆ ಬಂದಾಗ ಬಲ್ಲ ಮೆಕ್ಯಾನಿಕ್ ಏನು ಮಾಡುತ್ತಾನೆ? ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ದೀಪ ಬಂದದ್ದು ಯಾವಾಗ? ಮಳೆಯಲ್ಲೋ, ಗುಂಡಿಗೆ ಬಿದ್ದ ಮೇಲೋ, ಟಯರ್ ಬದಲಿಸಿದ ಮೇಲೋ, ಬೇರಿಂಗ್ ಹಾಕಿಸಿದ ಮೇಲೋ? ಒಮ್ಮೊಮ್ಮೆ ಆರುತ್ತದೆಯೋ, ಸದಾ ಇರುತ್ತದೆಯೋ? ವೈದ್ಯರು ನಾಡಿ ಹಿಡಿಯುವ ಮೊದಲು ‘ಎಷ್ಟು ದಿನದಿಂದ’ ಎಂದು ಕೇಳುವಂತೆ ಇದು.

ಎರಡನೆಯದು ಕಣ್ಣಿನ ಪರೀಕ್ಷೆ. ಬ್ರೇಕ್ ಆಯಿಲ್ ಮಟ್ಟ ಸರಿಯಿದೆಯೇ? ಎಬಿಎಸ್ ಫ್ಯೂಸ್ ಸುಟ್ಟಿದೆಯೇ? ನಾಲ್ಕೂ ಟಯರುಗಳು ಒಂದೇ ಅಳತೆಯವೇ? ಒಂದು ಚಿಕ್ಕ ಟಯರಿದ್ದರೆ ಆ ಚಕ್ರ ಉಳಿದವಕ್ಕಿಂತ ಬೇಗ ತಿರುಗಿ ಕಂಪ್ಯೂಟರಿಗೆ ಅನುಮಾನ ಹುಟ್ಟಿಸಬಲ್ಲದು. ಬ್ಯಾಟರಿ ಸೊರಗಿದ್ದರೂ ದೀಪ ಬೆಳಗುವುದುಂಟು. ಈ ಪರೀಕ್ಷೆಗಳಿಗೆ ಹತ್ತು ನಿಮಿಷ ಸಾಕು.

ಮೂರನೆಯದು ಸ್ಕ್ಯಾನರ್. ಸ್ಟೇರಿಂಗಿನ ಕೆಳಗಿರುವ 16 ಪಿನ್ನುಗಳ ಕಿಂಡಿಗೆ ಅದನ್ನು ಜೋಡಿಸಿದರೆ ಕಂಪ್ಯೂಟರ್ ತಾನು ಬರೆದಿಟ್ಟುಕೊಂಡ ದೋಷದ ಸಂಕೇತವನ್ನು ಹೇಳುತ್ತದೆ. ಎಂಜಿನ್ನಿನ ಸಂಕೇತಗಳು ‘ಪಿ’ ಅಕ್ಷರದಿಂದಲೂ ಬ್ರೇಕಿನಂಥ ಭಾಗಗಳವು ‘ಸಿ’ ಅಕ್ಷರದಿಂದಲೂ ಆರಂಭವಾಗುತ್ತವೆ. ಅಗ್ಗದ ಸ್ಕ್ಯಾನರುಗಳಲ್ಲಿ ಹಲವು ‘ಪಿ’ ಸಂಕೇತಗಳನ್ನು ಮಾತ್ರ ಓದಬಲ್ಲವು. ಅವು ‘ದೋಷವಿಲ್ಲ’ ಎಂದರೆ ಎಬಿಎಸ್ ಸರಿಯಿದೆ ಎಂದರ್ಥವಲ್ಲ.

ಉದಾಹರಣೆಗೆ ‘ಸಿ 0035’ ಎಂಬ ಸಂಕೇತ ಬಂತೆನ್ನೋಣ. ಎಡ ಮುಂಚಕ್ರದ ವೇಗ ಸೆನ್ಸರಿನ ಸರ್ಕ್ಯೂಟ್ ಎಂದು ಅದರ ಅರ್ಥ. ಇಲ್ಲಿ ‘ಸರ್ಕ್ಯೂಟ್’ ಎಂಬ ಪದವನ್ನು ಅಡಿಗೆರೆ ಎಳೆದು ಓದಬೇಕು. ಸರ್ಕ್ಯೂಟ್ ಎಂದರೆ ಸೆನ್ಸರೊಂದೇ ಅಲ್ಲ, ವೈರು, ಕನೆಕ್ಟರ್, ಕಂಪ್ಯೂಟರಿನ ಪಿನ್ನು ಎಲ್ಲವೂ ಸೇರಿದ ದಾರಿ. ಸಂಕೇತ ತೋರಿಸುವುದು ಬೀದಿಯನ್ನು, ಮನೆಯ ನಂಬರನ್ನಲ್ಲ. ಮನೆ ಹುಡುಕುವ ಕೆಲಸ ಮನುಷ್ಯನದೇ.

ನಾಲ್ಕನೆಯ ಹೆಜ್ಜೆ ಓಡಿಸಿ ನೋಡುವುದು. ಒಬ್ಬರು ಕಾರನ್ನು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸುತ್ತಿರುವಾಗ ಪಕ್ಕದಲ್ಲಿ ಕುಳಿತವರು ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ನೋಡುತ್ತಾರೆ. ಮೂರು ಚಕ್ರಗಳು 30 ತೋರಿಸುತ್ತಿದ್ದು ಒಂದು ಸದಾ ಸೊನ್ನೆ ತೋರಿಸಿದರೆ ದಾರಿ ಎಲ್ಲೋ ಕಡಿದಿದೆ. ನಿಧಾನವಾದಾಗ ಮಾತ್ರ ಉಳಿದವಕ್ಕಿಂತ ಮೊದಲೇ ಸೊನ್ನೆಗೆ ಇಳಿದರೆ ಸೆನ್ಸರಿನ ಅಂತರ ಹೆಚ್ಚಿದೆ ಇಲ್ಲವೇ ಅದಕ್ಕೆ ಕೊಳೆ ಮೆತ್ತಿದೆ. ಚಕ್ರದ ಪ್ರತಿ ಸುತ್ತಿಗೊಮ್ಮೆ ಮುಗ್ಗರಿಸಿದರೆ ಹಲ್ಲಿನ ಉಂಗುರ ಬಿರುಕು ಬಿಟ್ಟಿರಬಹುದು. ಗುಂಡಿಯಲ್ಲಿ ಮಾತ್ರ ಕುಣಿದರೆ ಸಡಿಲ ವೈರನ್ನೋ ಸವೆದ ಬೇರಿಂಗನ್ನೋ ಶಂಕಿಸಬೇಕು. ಒಂದೇ ದೀಪ, ನಾಲ್ಕು ಕಾರಣ, ನಾಲ್ಕು ದುರಸ್ತಿ.

ಕೊನೆಯದು ಮಲ್ಟಿಮೀಟರ್. ಹಳೆಯ ಬಗೆಯ ಸುರುಳಿ ಸೆನ್ಸರಿನ ರೋಧ ಸಾಮಾನ್ಯವಾಗಿ ಸಾವಿರ ಓಮ್‌ಗಳ ಆಸುಪಾಸಿನಲ್ಲಿರುತ್ತದೆ. ನಿಖರ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಕೈಪಿಡಿ ಇಲ್ಲದಿದ್ದರೆ ಬಲಗಡೆಯ ಸೆನ್ಸರನ್ನು ಅಳೆದು ಎಡಗಡೆಯದರೊಡನೆ ಹೋಲಿಸಬಹುದು. ಅನಂತ ರೋಧ ತೋರಿಸಿದರೆ ತಂತಿ ಕಡಿದಿದೆ, ಸೊನ್ನೆ ತೋರಿಸಿದರೆ ಶಾರ್ಟ್ ಆಗಿದೆ. ಎ.ಸಿ. ವೋಲ್ಟೇಜಿಗೆ ಮೀಟರ್ ಇಟ್ಟು ಚಕ್ರವನ್ನು ಕೈಯಿಂದ ತಿರುಗಿಸಿದರೆ ಮುಳ್ಳು ಅಥವಾ ಅಂಕಿ ಕದಲಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಸುರುಳಿಯೊಳಗೆ ಕಾಂತ ತೂರಿಸಿದಾಗ ಗ್ಯಾಲ್ವನೋಮೀಟರ್ ಕದಲಿದ ಹಾಗೆಯೇ. ಹೊಸ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಇನ್ನೊಂದು ಬಗೆ. ಅದರೊಳಗೆ ಪುಟ್ಟ ಚಿಪ್ ಇದ್ದು ಅದಕ್ಕೆ ಕಂಪ್ಯೂಟರಿನಿಂದಲೇ ವಿದ್ಯುತ್ ಬರುತ್ತದೆ. ಅದನ್ನು ಓಮ್ ಮೀಟರಿನಿಂದ ಅಳೆದರೆ ಉತ್ತರ ಸಿಗುವುದಿಲ್ಲ, ಚಿಪ್ ಕೆಡಲೂಬಹುದು. ಅದಕ್ಕೆ ಬರಬೇಕಾದ ವಿದ್ಯುತ್ ಬರುತ್ತಿದೆಯೇ ಎಂದು ನೋಡುವುದು ಸರಿಯಾದ ಕ್ರಮ.

ಎಲ್ಲ ದಾರಿಗಳೂ ಸರಿಯಿದ್ದು ದೀಪ ಆರದಿದ್ದರೆ ಮಾತ್ರ ಪಂಪು, ರಿಲೇ, ಕಂಪ್ಯೂಟರುಗಳ ಸರದಿ. ಇವು ದುಬಾರಿ ಭಾಗಗಳು, ಆದ್ದರಿಂದಲೇ ಕೊನೆಗೆ ನೋಡಬೇಕಾದವು.

ಅಳಿಸಿದರೆ ವಾಸಿಯಾಗದು

ಸ್ಕ್ಯಾನರಿನಲ್ಲಿ ‘ಅಳಿಸು’ ಎಂಬ ಗುಂಡಿಯೊಂದಿದೆ. ಒತ್ತಿದರೆ ಸಂಕೇತ ಮಾಯವಾಗಿ ದೀಪ ಆರಬಹುದು. ಮೂಲ ದೋಷ ಹಾಗೇ ಇದ್ದರೆ ಕಾರು ಕೆಲವು ಮೀಟರ್ ಓಡುವಷ್ಟರಲ್ಲೋ ಮುಂದಿನ ಮಳೆಯಲ್ಲೋ ಅದು ಮತ್ತೆ ಬೆಳಗುತ್ತದೆ. ಮೊದಲು ಸಂಕೇತವನ್ನು ಬರೆದಿಟ್ಟುಕೊಳ್ಳಬೇಕು, ದೋಷ ಹುಡುಕಿ ಸರಿಪಡಿಸಬೇಕು, ಆಮೇಲೆ ಅಳಿಸಬೇಕು, ಮತ್ತೆ ಓಡಿಸಿ ನಾಲ್ಕು ಚಕ್ರಗಳೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡಬೇಕು. ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳುವ ತಂದೆತಾಯಂದಿರು ‘ಏನು ಬದಲಿಸಿದಿರಿ’ ಎಂದು ಕೇಳಿದರೆ ಸಾಲದು. ‘ಏನು ಕೆಟ್ಟಿತ್ತು, ಅದು ಹೇಗೆ ಗೊತ್ತಾಯಿತು’ ಎಂದು ಕೇಳಬೇಕು. ಬಲ್ಲ ಮೆಕ್ಯಾನಿಕ್ ಸಂತೋಷದಿಂದ ಹೇಳುತ್ತಾನೆ.

ಆರದ ದೀಪಕ್ಕಿಂತ ಅಪಾಯಕಾರಿಯಾದದ್ದು ಬೆಳಗದ ದೀಪ. ಹಳೆಯ ಕಾರು ಕೊಳ್ಳುವವರು ಕೀಲಿಯನ್ನು ಅರ್ಧ ತಿರುಗಿಸಿ ಎಬಿಎಸ್ ದೀಪ ಒಮ್ಮೆ ಬೆಳಗಿ ಆರುತ್ತದೆಯೇ ಎಂದು ತಪ್ಪದೆ ನೋಡಬೇಕು. ಎಬಿಎಸ್ ಇರುವ ಕಾರಿನಲ್ಲಿ ಅದು ಬೆಳಗಲೇ ಇಲ್ಲವೆಂದರೆ ಬಲ್ಬು ಕೆಟ್ಟಿರಬಹುದು, ಇಲ್ಲವೇ ಯಾರೋ ಅದರ ಬಾಯಿ ಮುಚ್ಚಿಸಿರಬಹುದು.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ ಅಗತ್ಯ. ಫ್ಯೂಸ್, ಆಯಿಲ್ ಮಟ್ಟ, ಟಯರಿನ ಅಳತೆ ನೋಡುವುದು ಮನೆಯಲ್ಲೇ ಆಗುವ ಕೆಲಸ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳುವುದು, ಬ್ರೇಕಿನ ಪೈಪು ಬಿಚ್ಚುವುದು ಕಲಿತವರ ಜೊತೆಯಿಲ್ಲದೆ ಮಾಡಬಾರದ ಕೆಲಸಗಳು.

ಇಂದಿನ ಗ್ಯಾರೇಜಿಗೆ ಗ್ರೀಸು ಮೆತ್ತಿದ ಕೈಯಷ್ಟೇ ಸಾಲದು. ಮೀಟರ್ ಓದುವ ಕಣ್ಣು, ಒಂದು ಕಾರಣವನ್ನು ಇನ್ನೊಂದರಿಂದ ಬೇರ್ಪಡಿಸುವ ಬುದ್ಧಿಯೂ ಬೇಕು. ಐಟಿಐ ಅಥವಾ ಡಿಪ್ಲೊಮಾ ಓದುತ್ತಿರುವ ಹುಡುಗ ಹುಡುಗಿಯರಿಗೆ ಇದು ನಿಜವಾದ ವಿದ್ಯೆ. ಅವರನ್ನು ಹುರಿದುಂಬಿಸುವ ಬದಲು ‘ಮೆಕ್ಯಾನಿಕ್ ಆಗುತ್ತೀಯಾ’ ಎಂದು ಮೂಗು ಮುರಿಯುವ ಮನೆಗಳು ಇನ್ನೂ ಇವೆ. ಅಂಥ ಮನೆಯವರು ಒಂದು ಸಂಗತಿ ಯೋಚಿಸಬೇಕು. ಘಾಟಿಯ ತಿರುವಿನಲ್ಲಿ, ಜಡಿಮಳೆಯಲ್ಲಿ, ಎದುರಿಗೆ ಲಾರಿ ಬಂದ ಕ್ಷಣದಲ್ಲಿ ಅವರ ಕುಟುಂಬವನ್ನು ಕಾಯುವುದು ಯಾರೋ ಒಬ್ಬ ಮೆಕ್ಯಾನಿಕ್ ದೀಪ ಆರಿಸಿದ್ದನೋ, ದೋಷ ಸರಿಪಡಿಸಿದ್ದನೋ ಎಂಬ ವ್ಯತ್ಯಾಸ ಮಾತ್ರ.